ನಾಲ್ಕನೆಯ ವಿಮಾನ ಬಿದ್ದ ಹೊತ್ತು

ವರದಿಯಲ್ಲಿ ಅವನ ಬಗ್ಗೆ ಇದ್ದದ್ದು ಒಂದೇ ವಾಕ್ಯ. ನಾಲ್ಕನೆಯ ವಿಮಾನದ ಪೈಲಟ್ ಆದೇಶ ಮೀರಿ ತಂಡ ಬಿಟ್ಟು ಮೋಡದೊಳಗೆ ಹೋದ, ಮತ್ತೆ ಕಾಣಿಸಲಿಲ್ಲ. ನಾನು ಅದನ್ನು ಟೈಪು ಮಾಡಿಕೊಂಡು ಹಾಳೆ ಮಗುಚಿದೆ. ಬೆಳಗಿನ ಹನ್ನೊಂದರ ಹೊತ್ತು. ಆ ಪೆಟ್ಟಿಗೆಯಲ್ಲಿ ಇನ್ನೂ ಒಂದು ಗೇಣು ದಪ್ಪದಷ್ಟು ಹಾಳೆಗಳು ಬಾಕಿ ಇದ್ದವು.

ಬೇ ಎಂದು ಕರೆಯುವ ಕೊಲ್ಲಿಯ ಅಂಚಿನಲ್ಲಿ, ಹಳೆಯ ವಿಮಾನ ನಿಲ್ದಾಣವೊಂದರಲ್ಲಿ ವಿಮಾನ ನಿಲ್ಲಿಸುತ್ತಿದ್ದ ಹ್ಯಾಂಗರಿನಲ್ಲಿ ನಮ್ಮ ಮ್ಯೂಸಿಯಂ ಇದೆ. ಸಣ್ಣದು. ಕೆಳಗೆ ವಿಮಾನಗಳು, ಬಿಚ್ಚಿಟ್ಟ ಎಂಜಿನ್ನುಗಳು. ತಗಡಿನ ಮೆಟ್ಟಿಲು ಹತ್ತಿ ಹೋದರೆ ಕಾಗದಪತ್ರಗಳ ಕೋಣೆ. ಆ ಕೋಣೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಿಂದ ಹಾರಿ ಜಪಾನಿನ ವಿಮಾನಗಳ ಜೊತೆ ಕಾದಾಡಿದ ಒಂದು ಫೈಟರ್ ಸ್ಕ್ವಾಡ್ರನ್ನಿನ, ಅಂದರೆ ಯುದ್ಧವಿಮಾನಗಳ ದಳದ, ಚರಿತ್ರೆಯನ್ನು ಏಳು ತಿಂಗಳಲ್ಲಿ ಸಿದ್ಧ ಮಾಡಿಕೊಡಬೇಕೆಂದು ನಿರ್ದೇಶಕರು ನನಗೆ ಒಪ್ಪಿಸಿದ್ದರು. ದಿನಕ್ಕೊಂದು ನಮೂದು. ಅದೇ ಪುಟಗಳು ದೊಡ್ಡದಾಗಿ ಗೋಡೆಯ ಮೇಲೂ ಬರಬೇಕು, ಪುಸ್ತಕವೂ ಆಗಬೇಕು.

ಕಾಗದಗಳನ್ನು ಕೊಟ್ಟವರು ಎಪ್ಪತ್ತು ದಾಟಿದ ಒಬ್ಬ ನಿವೃತ್ತ ನರ್ಸ್. ಅವರ ತಂದೆ ಆ ಸ್ಕ್ವಾಡ್ರನ್ನಿನಲ್ಲಿ ನಾಲ್ಕು ವಿಮಾನಗಳ ಒಂದು ತಂಡದ ನಾಯಕ. ತಂದೆ ತೀರಿಕೊಂಡ ಮೇಲೆ ಗ್ಯಾರೇಜಿನಲ್ಲಿ ಸಿಕ್ಕ ಪೆಟ್ಟಿಗೆಯನ್ನು ತಾವೇ ಕಾರಿನಲ್ಲಿ ಇಟ್ಟುಕೊಂಡು ತಂದಿದ್ದರು. ಅಷ್ಟಕ್ಕೇ ಬಿಡದೆ ಪ್ರತಿ ಮಂಗಳವಾರ ಬಂದು ನನ್ನ ಎದುರಿನ ಮೇಜಿನಲ್ಲಿ ಕೂತು ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಯುತ್ತಿದ್ದರು. ನನಗಿಂತ ಚೆನ್ನಾಗಿ ಅವರಿಗೆ ಆ ಹುಡುಗರ ಮುಖಗಳು ಗೊತ್ತಿದ್ದವು. ನಾನು ಅವರನ್ನು ನೆಚ್ಚಿಕೊಂಡಿದ್ದೆ.

ಮೊದಲ ಎರಡು ತಿಂಗಳು ಕೈಕೆಲಸವೇ ಹೆಚ್ಚು. ತುಕ್ಕು ಹಿಡಿದ ಸ್ಟೇಪಲ್ ಪಿನ್ನುಗಳನ್ನು ತೆಳ್ಳನೆಯ ಉಕ್ಕಿನ ಅಲಗಿನಿಂದ ಒಂದೊಂದಾಗಿ ಎಬ್ಬಿಸಬೇಕು. ಅವಸರ ಮಾಡಿದರೆ ಕಾಗದವೂ ಜೊತೆಗೆ ಕಿತ್ತು ಬರುತ್ತದೆ. ಹೆಚ್ಚಿನವು ಕಾರ್ಬನ್ ಪ್ರತಿಗಳು, ಈರುಳ್ಳಿ ಸಿಪ್ಪೆಯಷ್ಟು ತೆಳು. ಸುರುಳಿಯಾದವನ್ನು ತೇವದ ಡಬ್ಬಿಯಲ್ಲಿ ಒಂದು ದಿನ ಇಟ್ಟು, ಆಮೇಲೆ ಎರಡು ಗಾಜಿನ ನಡುವೆ ಒತ್ತಿ, ಒಣಗಿದ ಮೇಲೆ ಸ್ಕ್ಯಾನ್ ಮಾಡುತ್ತಿದ್ದೆ. ಓದಿದ್ದನ್ನೆಲ್ಲ ಒಂದು ಪಟ್ಟಿಗೆ ಹಾಕುತ್ತಿದ್ದೆ: ದಿನ, ವಿಮಾನದ ನಂಬರು, ಪೈಲಟ್, ಏರಿದ ಹೊತ್ತು, ಇಳಿದ ಹೊತ್ತು, ಎಲ್ಲಿ, ಏನಾಯಿತು.

ಅವರು ಹಾರಿಸುತ್ತಿದ್ದದ್ದು ಕೋರ್ಸೇರ್ ಎಂಬ ಒಂಟಿ ಸೀಟಿನ ವಿಮಾನ. ಅದರ ರೆಕ್ಕೆ ಬುಡದಲ್ಲಿ ಕೆಳಕ್ಕೆ ಬಾಗಿ ಮತ್ತೆ ಮೇಲಕ್ಕೆ ಏಳುತ್ತದೆ. ಅಂಥ ರೆಕ್ಕೆ ಎದುರಾಳಿಗಳ ಯಾವ ವಿಮಾನಕ್ಕೂ ಇರಲಿಲ್ಲ. ದೂರದಿಂದಲೂ ಗುರುತು ಹಿಡಿಯಬಹುದು ಎಂದು ನನಗೆ ತೋರಿಸಿಕೊಟ್ಟವರು ಕಾಕಾ.

ಕಾಕಾ ಹುಬ್ಬಳ್ಳಿಯ ಕಡೆಯವರು. ಜೀವಮಾನವೆಲ್ಲ ವಿಮಾನಗಳ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಮಾಡಿ ನಿವೃತ್ತರಾಗಿ ಬೆರ್ರಿಯೆಸಾ ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದರು. ಸುಮ್ಮನೆ ಕೂರಲಾಗದೆ ವಾರಕ್ಕೆ ಎರಡು ದಿನ ಟ್ರೇನು, ಬಸ್ಸು ಬದಲಿಸಿಕೊಂಡು ನಮ್ಮಲ್ಲಿಗೆ ಬಂದು, ಹ್ಯಾಂಗರಿನ ಹಳೆಯ ಎಂಜಿನ್ನೊಂದನ್ನು ಪುಕ್ಕಟೆಯಾಗಿ ದುರಸ್ತಿ ಮಾಡುತ್ತಿದ್ದರು. ನಾನು ಹಾಸನದವಳು, ಅವರ ಮಾತು ನನಗೆ ಮೊದಮೊದಲು ಅರ್ಧ ಮಾತ್ರ ಅರ್ಥವಾಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಮೇಲೆ ಬಂದು ನನ್ನ ಡಬ್ಬಿಯ ಚಿತ್ರಾನ್ನಕ್ಕೆ ಅವರ ಶೇಂಗಾ ಚಟ್ನಿ ಸೇರಿಸುವುದು ವಾಡಿಕೆಯಾಗಿತ್ತು.

ಮೂರನೆಯ ತಿಂಗಳು ಕರಡು ಸಿದ್ಧವಾಯಿತು. ಹೆಸರುಗಳ ಕಾಗುಣಿತ ಸರಿಯಿದೆಯೇ ನೋಡಿ ಹೇಳಿ ಎಂದು, ಗುರುತು ಸಿಕ್ಕಿದ ಕುಟುಂಬಗಳಿಗೆಲ್ಲ ಅವರವರ ಪುಟಗಳನ್ನು ಕಳಿಸಿದೆ. ಒಂದು ವಾರದ ಮೇಲೆ ಸ್ಯಾನ್ ಮಟಿಯೋ ಎಂಬ ಊರಿನಿಂದ ಒಬ್ಬರು ಫೋನ್ ಮಾಡಿದರು. ವಯಸ್ಸಾದ ಹೆಂಗಸಿನ ದನಿ. ನಾಲ್ಕನೆಯ ವಿಮಾನದ ಪೈಲಟ್ಟಿನ ತಂಗಿ. ಅಣ್ಣ ಸತ್ತಾಗ ಅವರು ಶಾಲೆಗೆ ಹೋಗುವ ಹುಡುಗಿ, ಈಗ ತೊಂಬತ್ತು.

"ಹೆಸರು ಸರಿಯಾಗಿದೆ" ಎಂದರು. "ಆದೇಶ ಮೀರಿ ಅಂತ ಬರೆದಿದ್ದೀರಿ. ಯಾಕೆ ಮೀರಿದ ಅಂತ ನಿಮಗೇನಾದರೂ ಸಿಕ್ಕಿತೇ?"

ನನ್ನ ಮುಂದೆ ಗಾಜಿನಡಿ ಒತ್ತಿಟ್ಟ ಹಾಳೆಗಳಿದ್ದವು. "ಇಲ್ಲ. ದಾಖಲೆಯಲ್ಲಿ ಇರುವುದು ಅಷ್ಟೇ" ಎಂದೆ.

"ನನ್ನ ತಾಯಿ ಸಾಯುವವರೆಗೂ ಅದನ್ನೇ ಕೇಳುತ್ತಿದ್ದಳು."

"ದಾಖಲೆಯಲ್ಲಿ ಇರುವುದನ್ನೇ ನಾವು ಬರೆಯಬೇಕಾಗುತ್ತದೆ" ಎಂದೆ. ಅವರು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು. ಆ ಸಂಜೆ ಮೌಂಟನ್ ವ್ಯೂನ ಮನೆಗೆ ಮರಳುವಾಗ ಫ್ರೀವೇಯಲ್ಲಿ ಕಾರುಗಳು ತೆವಳುತ್ತಿದ್ದವು. ನನ್ನ ಆ ಉತ್ತರ ಕಿವಿಯಲ್ಲೇ ಉಳಿದಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಯಾವುದೋ ಕೌಂಟರಿನ ಹಿಂದೆ ಕೂತು ಕಿಟಕಿ ಮುಚ್ಚಿದ ಹಾಗಾಗಿತ್ತು.

ಮಾರನೆಯ ದಿನ ಆ ದಿನದ ಕಾಗದಗಳನ್ನೆಲ್ಲ ಮತ್ತೆ ಹರಡಿಕೊಂಡು ಓದಿದೆ. ನಾಯಕನ ವರದಿ ಹೀಗಿತ್ತು. ಒಂಬತ್ತು ಐವತ್ತಕ್ಕೆ ನಾಲ್ಕು ವಿಮಾನಗಳು ಏರಿದವು. ಹತ್ತೂಕಾಲಿಗೆ ನಾಲ್ಕನೆಯವನು ಆದೇಶ ಮೀರಿ ಹೋದ. ಹತ್ತು ನಲವತ್ತಕ್ಕೆ, ಒಂದು ಬಂಡೆ ದ್ವೀಪದ ಉತ್ತರಕ್ಕೆ, ಮೋಡದಿಂದ ಹೊರಬಂದ ಒಂದು ಶತ್ರು ವಿಮಾನವನ್ನು ನಾಯಕ ಹಿಂದಿನಿಂದ ಹೊಡೆದು ಉರುಳಿಸಿದ. ಕೂಡಲೇ ನೆಲೆಗೆ ತಿರುಗಿದ. ಉಳಿದಿಬ್ಬರು ಆಗ ಮೋಡದ ಮೇಲಿದ್ದರು, ಏನನ್ನೂ ನೋಡಿರಲಿಲ್ಲ.

ಕಾಣೆಯಾದವನನ್ನು ಯಾರಾದರೂ ಹುಡುಕಿದರೇ ಎಂಬುದು ಎಲ್ಲಿಯೂ ಇರಲಿಲ್ಲ. ಆ ಸಮುದ್ರದಲ್ಲಿ ಬಿದ್ದ ಪೈಲಟ್ಟುಗಳನ್ನು ಎತ್ತಲೆಂದೇ ಕಾವಲು ಹಡಗುಗಳಿರುತ್ತಿದ್ದವು. ಆ ದಿನ ಬಂಡೆಯ ಹತ್ತಿರ ಯಾವ ಹಡಗಿತ್ತು ಎಂದು ಪತ್ತೆ ಮಾಡಿ, ಅದರ ದಿನಚರಿಯ ಪ್ರತಿಗಾಗಿ ಸರ್ಕಾರಿ ದಾಖಲೆ ಭಂಡಾರಕ್ಕೆ ಬರೆದೆ. ಮೊದಲು ಬಂದದ್ದು ಬೇರೆ ತಿಂಗಳಿನದು. ಮತ್ತೆ ಬರೆದೆ. ಐದು ವಾರವಾದ ಮೇಲೆ ಸರಿಯಾದ ಪುಟಗಳು ಬಂದವು.

ಅದರಲ್ಲಿ ಕಾವಲು ಅಧಿಕಾರಿ ಬರೆದ ನಾಲ್ಕು ಸಾಲಿತ್ತು. ಒಂಬತ್ತು ನಲವತ್ತಕ್ಕೆ ನಮ್ಮದೇ ಒಂದು ವಿಮಾನ, ಬಾಗಿದ ರೆಕ್ಕೆಯದು, ಉರಿಯುತ್ತ ಮೋಡದಿಂದ ಕೆಳಗೆ ಬಿತ್ತು. ಅದರ ಹಿಂದೆಯೇ ನಮ್ಮದೇ ಇನ್ನೊಂದು ಬಂತು, ಬಿದ್ದ ಜಾಗದ ಮೇಲೆ ಒಂದು ಸುತ್ತು ಹಾಕಿ ದಕ್ಷಿಣಕ್ಕೆ ಹೋಯಿತು. ಹಡಗು ಅಲ್ಲಿಗೆ ಹೋಗಿ ಹುಡುಕಿತು. ಎಣ್ಣೆಯ ಪದರ ಬಿಟ್ಟು ಬೇರೇನೂ ಸಿಗಲಿಲ್ಲ.

ಓದಿ ನಿರಾಸೆಯಾಯಿತು. ಒಂಬತ್ತು ನಲವತ್ತಕ್ಕೆ ನಮ್ಮವರು ನೆಲದಿಂದ ಏರಿಯೇ ಇರಲಿಲ್ಲ. ಇದು ಬೇರೆ ಯಾವುದೋ ಸ್ಕ್ವಾಡ್ರನ್ನಿನ ದುರಂತ. ಪುಟಗಳನ್ನು ಫೋಲ್ಡರಿಗೆ ಹಾಕಿ 'ಸಂಬಂಧವಿಲ್ಲ' ಎಂದು ಚೀಟಿ ಅಂಟಿಸಿದೆ. ಊಟಕ್ಕೆ ಬಂದ ಕಾಕಾ ಚೀಟಿ ನೋಡಿ ಕೇಳಿದರು.

"ಏನಿದು ತಂಗಿ, ಬ್ಯಾಡಾದದ್ದು?"

"ಟೈಮ್ ಮ್ಯಾಚ್ ಆಗ್ತಿಲ್ಲ ಕಾಕಾ. ಇವರು ಒಂಬತ್ತು ನಲವತ್ತು ಅಂತಾರೆ. ಆ ಟೈಮಿಗೆ ನಮ್ಮ ಪ್ಲೇನು ಟೇಕಾಫೇ ಆಗಿಲ್ಲ."

ಕಾಕಾ ಕೈ ಒರೆಸಿಕೊಂಡು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡರು. "ಒಂಬತ್ತು ನಲವತ್ತು ಅಂದ್ರ ಯಾರ ಗಡಿಯಾರದಾಗ?"

"ಅಂದ್ರೆ?"

"ನೋಡು, ನಾವು ವಿಮಾನದ ಲಾಗ್ ಬರೀತಿದ್ವಿ. ವಿಮಾನ ಎಲ್ಲೇ ಇರಲಿ, ಲಂಡನ್ನಿನ ಟೈಮ ಹಾಕಬೇಕು ಅಂತ ರೂಲು. ಯಾಕಂದ್ರ ಒಬ್ಬೊಬ್ಬರ ಗಡಿಯಾರ ಒಂದೊಂದು ಹೇಳತೈತಿ. ಈ ಹಡಗಿನವರ ಟೈಮು, ಈ ದ್ವೀಪದವರ ಟೈಮು ಒಂದ ಅಂತ ನಿನಗ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನಾನೇ ಅಂದುಕೊಂಡಿದ್ದೆ.

"ಸೂರ್ಯ ಹುಟ್ಟಿದ್ದನ್ನ ನೋಡು" ಎಂದರು ಕಾಕಾ. "ಅವ ಎಲ್ಲಾರಿಗೂ ಒಬ್ಬನ."

ಹಡಗಿನವರು ದಿನಾ ಬೆಳಿಗ್ಗೆ ಸೂರ್ಯೋದಯದ ಹೊತ್ತನ್ನು ಬರೆಯುತ್ತಿದ್ದರು. ಆ ದಿನ ಆರಕ್ಕೆ ಹತ್ತು ನಿಮಿಷವಿದ್ದಾಗ. ಸ್ಕ್ವಾಡ್ರನ್ನಿನ ದಿನಚರಿಯಲ್ಲಿ ಬೆಳಗಿನ ಕಾವಲು ವಿಮಾನಗಳು ಸೂರ್ಯ ಹುಟ್ಟುತ್ತಿದ್ದ ಹಾಗೆ ಏರಿದವು ಎಂದಿತ್ತು. ಹೊತ್ತು, ಏಳಕ್ಕೆ ಹತ್ತು ನಿಮಿಷವಿದ್ದಾಗ. ನನ್ನ ಬೆರಳು ಹಾಳೆಯ ಮೇಲೆ ನಿಂತಿತು. ಸಾಲದು ಎಂದು ಇನ್ನೊಂದು ನೋಡಿದೆ. ಆ ಮಧ್ಯಾಹ್ನ ಎರಡೂ ಕಡೆ ದಾಳಿಯ ಎಚ್ಚರಿಕೆ ಗಂಟೆ ಹೊಡೆದಿತ್ತು. ಅಲ್ಲಿಯೂ ಸರಿಯಾಗಿ ಒಂದು ಗಂಟೆಯ ವ್ಯತ್ಯಾಸ. ಹಡಗಿನ ಒಂಬತ್ತು ನಲವತ್ತು ಎಂದರೆ ದ್ವೀಪದ ಹತ್ತು ನಲವತ್ತು.

ಆಮೇಲೆ ನಕ್ಷೆ ತೆಗೆದು ಬಂಡೆ ದ್ವೀಪದಿಂದ ಎರಡೂ ವರದಿಗಳ ದಿಕ್ಕು, ದೂರ ಹಾಕಿದೆ. ಕಾಕಾ ಸ್ಕೇಲು ಹಿಡಿದುಕೊಂಡರು. ಎರಡು ಪೆನ್ಸಿಲ್ ಚುಕ್ಕೆಗಳು ಒಂದರ ಪಕ್ಕ ಒಂದು ಬಿದ್ದವು, ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ. ಆ ಬೆಳಿಗ್ಗೆ ಆ ಕಡೆ ಬೇರೆ ಯಾವ ಸ್ಕ್ವಾಡ್ರನ್ನೂ ಹಾರಿರಲಿಲ್ಲವೆಂದು ದ್ವೀಪದ ಹಾರಾಟದ ಪಟ್ಟಿಯಲ್ಲಿ ಆಗಲೇ ನೋಡಿದ್ದೆ. ಕಾಕಾ ಸ್ಕೇಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಇಬ್ಬರೂ ಊಟ ಮರೆತೆವು.

ನಾಯಕ ಹೊಡೆದುರುಳಿಸಿದ ಶತ್ರು ವಿಮಾನ ಶತ್ರುವಿನದಾಗಿರಲಿಲ್ಲ.

ಇನ್ನೂ ಒಂದು ನೋಡುವುದಿತ್ತು. ಪೆಟ್ಟಿಗೆಯಲ್ಲಿ ನಾಯಕನ ಸ್ವಂತ ಹಾರಾಟದ ಪುಸ್ತಕವಿತ್ತು. ಶತ್ರು ವಿಮಾನ ಉರುಳಿಸಿದ ದಿನಗಳ ಮುಂದೆ ಅವನು ಪೆನ್ಸಿಲಿನಲ್ಲಿ ಒಂದು ಪುಟ್ಟ ಬಾವುಟ ಬರೆಯುತ್ತಿದ್ದ. ಈ ದಿನದ ಮುಂದೆ ಏನೂ ಇರಲಿಲ್ಲ. ಕೋಣೆಯ ದೀಪ ಆರಿಸಿ, ಕೈದೀಪವನ್ನು ಹಾಳೆಗೆ ತಾಗಿದಂತೆ ಅಡ್ಡ ಹಿಡಿದೆ. ಕಾಗದದ ಮೇಲೆ ತಗ್ಗು ಬಿದ್ದ ಗೆರೆಗಳು ನೆರಳಾಗಿ ಎದ್ದವು. ಬಾವುಟವನ್ನು ಬರೆದು, ಆಮೇಲೆ ರಬ್ಬರಿನಿಂದ ಅಳಿಸಿದ್ದ. ಅಳಿಸುವಾಗ ಒತ್ತಿ ಉಜ್ಜಿದ್ದಕ್ಕೆ ಕಾಗದದ ಎಳೆ ಎದ್ದಿತ್ತು.

ಯಾವಾಗ ಅಳಿಸಿದ? ಅದೇ ಸಂಜೆಯೋ, ಎಷ್ಟೋ ವರ್ಷಗಳ ನಂತರವೋ? ಕಾಗದ ಹೇಳಲಿಲ್ಲ. ಆದರೆ ಹಡಗಿನವರು ಕಂಡ ಆ ಒಂದು ಸುತ್ತು ನನ್ನ ತಲೆಯಲ್ಲಿ ತಿರುಗುತ್ತಲೇ ಇತ್ತು. ಅವನು ಕೆಳಗೆ ನೋಡಿದ್ದ. ಆ ಬಾಗಿದ ರೆಕ್ಕೆ ಕಂಡಿರಬೇಕು.

ನಿರ್ದೇಶಕರು ನನ್ನ ನಕ್ಷೆ, ಹಾಳೆಗಳನ್ನು ತಾಳ್ಮೆಯಿಂದ ನೋಡಿದರು. ಒಳ್ಳೆಯ ಮನುಷ್ಯ, ಹ್ಯಾಂಗರಿನ ಸೋರುವ ಛಾವಣಿಯನ್ನು ತಾವೇ ಏಣಿ ಹತ್ತಿ ಮುಚ್ಚಿದವರು.

"ನೀವು ಹೇಳುವುದು ಇರಬಹುದು" ಎಂದರು. "ಆದರೆ ನಾವು ಕೋರ್ಟು ಅಲ್ಲ. ಅಧಿಕೃತ ವರದಿ ಏನು ಹೇಳುತ್ತದೋ ಅದನ್ನು ಹಾಕಿ. ಆ ಹೆಂಗಸು ಪ್ರತಿ ಮಂಗಳವಾರ ಇಲ್ಲಿ ಕೂರುತ್ತಾರೆ. ಅವರ ತಂದೆಯ ಫೋಟೋ ಬಾಗಿಲ ಎದುರೇ ಬರಲಿದೆ."

"ಹಾಗಾದರೆ ನಾಲ್ಕನೆಯವನ ಬಗ್ಗೆ ಆದೇಶ ಮೀರಿದ ಅನ್ನುವುದು?"

"ಅದು ವರದಿಯಲ್ಲಿದೆಯಲ್ಲ."

ಮನೆಯಲ್ಲಿ ಹೇಳಿದೆ. ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ನೀನು ಹಿಸ್ಟರಿ ಬರೀತಿದೀಯಾ, ಕೇಸ್ ನಡೆಸ್ತಿದೀಯಾ?" ಎಂದರು. ತಮಾಷೆಗೇ ಹೇಳಿದ್ದು. ಆದರೆ ನನಗೂ ಆ ಅನುಮಾನವಿತ್ತು. ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದ ಹುಡುಗ, ಮೋಡದಿಂದ ಏನೋ ಹಠಾತ್ತನೆ ಎದುರಿಗೆ ಬಂತು, ಗುಂಡಿ ಒತ್ತಿದ. ಅಷ್ಟನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆಮೇಲೆ ಡೇರೆಯಲ್ಲಿ ಟೈಪ್‌ರೈಟರ್ ಮುಂದೆ ಕೂತು 'ಆದೇಶ ಮೀರಿ ಹೋದ, ಮತ್ತೆ ಕಾಣಿಸಲಿಲ್ಲ' ಎಂದು ಬರೆದ ವಾಕ್ಯವನ್ನು ಹೇಗೆ ಅರ್ಥ ಮಾಡಿಕೊಳ್ಳಲಿ? ಅದಕ್ಕೆ ಅವನಿಗೆ ಇಡೀ ಸಂಜೆಯ ಹೊತ್ತಿತ್ತು.

"ಬಿಟ್ಟುಬಿಡ್ಲಾ ಕಾಕಾ?" ಎಂದು ಕೇಳಿದೆ ಗುರುವಾರ.

ಕಾಕಾ ಎಂಜಿನ್ನಿನ ಕೆಳಗೆ ಅಂಗಾತ ಮಲಗಿದ್ದರು. ಮುಖ ಕಾಣಿಸುತ್ತಿರಲಿಲ್ಲ. "ಸತ್ತವನ ಹೆಸರಿಗೆ ತಪ್ಪು ಬರಿಯೂದು ಭಾಳ ಸುಲಭ ಐತಿ ತಂಗಿ" ಎಂದರು. "ಅವ ಎದ್ದು ಬಂದು ಇಲ್ಲ ಅನ್ನಂಗಿಲ್ಲ. ನಾ ಇಂಥಾವು ನೋಡೇನಿ."

"ನೀವು ಏನ್ ಮಾಡಿದ್ರಿ?"

ಅವರು ಸ್ಪ್ಯಾನರನ್ನು ನೆಲಕ್ಕಿಟ್ಟರು. "ಏನೂ ಮಾಡಲಿಲ್ಲ. ಅದಕ್ಕ ಹೇಳಾಕತ್ತೇನಿ."

ಆ ಮಾತಿನ ಮೇಲೆ ನಾನು ನಿರ್ಧಾರ ಮಾಡಿದೆ. ಪುಟವನ್ನು ಹಾಗೆಯೇ ಹೋಗಲು ಬಿಡುವುದಿಲ್ಲ. ಆದರೆ ಯಾರಿಗೆ ಮೊದಲು ಹೇಳುವುದು? ನಾಯಕನ ಮಗಳಿಗೆ ಹೇಳಬೇಕು ಅನ್ನಿಸಿತು. ಕಾಗದ ಅವರದು. ಎದುರು ಮೇಜಿನಲ್ಲಿ ಕೂರುವವರು. ಬೆನ್ನ ಹಿಂದೆ ಮಾಡಿದಂತಾಗಬಾರದು. ಸ್ಯಾನ್ ಮಟಿಯೋದವರಿಗೆ ಎಲ್ಲ ಖಚಿತವಾದ ಮೇಲೆ ಹೇಳಿದರಾಯಿತು ಎಂದುಕೊಂಡೆ. ನಿರ್ದೇಶಕರಿಗೂ ಹೇಳಲಿಲ್ಲ.

ಮಂಗಳವಾರ ಅವರು ಬಂದು ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಿದ್ದಾಗ, "ನಿಮಗೊಂದು ತೋರಿಸಬೇಕು" ಎಂದೆ. ಹಡಗಿನ ಪುಟ, ಸೂರ್ಯೋದಯ, ನಕ್ಷೆ, ಕೊನೆಗೆ ಹಾರಾಟದ ಪುಸ್ತಕ. ಎಲ್ಲವನ್ನೂ ಒಂದೊಂದಾಗಿ ಅವರ ಮುಂದಿಟ್ಟೆ. ಕೈದೀಪ ಹಿಡಿದು ಅಳಿಸಿದ ಬಾವುಟ ತೋರಿಸಿದಾಗ ತಂದೆಯ ಪುಸ್ತಕದ ಅಂಚಿನ ಮೇಲೆ ಕೈ ಇಟ್ಟರು, ಮುಚ್ಚಿಬಿಡುವ ಹಾಗೆ.

"ನಿಮಗೆ ಇದನ್ನು ಹುಡುಕಿ ಅಂತ ಯಾರು ಹೇಳಿದರು?" ಎಂದರು.

"ಯಾರೂ ಹೇಳಲಿಲ್ಲ."

"ನನ್ನ ಅಪ್ಪ ಉತ್ತರ ಕೊಡಲು ಈಗ ಇಲ್ಲ."

"ನಾಲ್ಕನೆಯವನೂ ಇಲ್ಲ" ಎಂದೆ. ಹೇಳಿದ ಕೂಡಲೇ ಹೇಳಬಾರದಿತ್ತು ಅನ್ನಿಸಿತು.

ಅವರು ಪೆನ್ಸಿಲ್ಲನ್ನು ಡಬ್ಬಿಗೆ ಹಾಕಿ, ಸ್ವೆಟರ್ ತೆಗೆದುಕೊಂಡು, ತಗಡಿನ ಮೆಟ್ಟಿಲಿಳಿದು ಹೋದರು. ಮುಂದಿನ ಮಂಗಳವಾರ ಬರಲಿಲ್ಲ. ನಿರ್ದೇಶಕರಿಗೆ ಫೋನ್ ಹೋಗಿತ್ತು. ಅವರು ಮೊದಲ ಸಲ ನನ್ನ ಮೇಲೆ ದನಿ ಏರಿಸಿದರು. "ನನ್ನನ್ನು ಕೇಳಬೇಕಿತ್ತು. ಅವರು ಪೆಟ್ಟಿಗೆ ವಾಪಸ್ ಕೇಳಿದರೆ ನಮ್ಮ ಗೋಡೆ ಖಾಲಿ, ನಿಮ್ಮ ಪುಸ್ತಕವೂ ಖಾಲಿ." ಸರಿಯಾದ ಮಾತು. ಆ ದಿನಗಳಲ್ಲಿ ಫೋಟೋಗಳ ಹಿಂದೆ ಹೆಸರು ಬರೆಯುವ ಕೆಲಸವನ್ನು ನಾನೇ ಮಾಡಿದೆ. ಯಾರ ಮುಖ ಯಾವುದು ಎಂದು ತಿಳಿಯದೆ ತಡವರಿಸಿದೆ.

ಮೂರನೆಯ ಮಂಗಳವಾರ ಅವರು ಬಂದರು. ಕೂರಲಿಲ್ಲ. ಕೈಚೀಲದಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನು ನಾನು ಪೆಟ್ಟಿಗೆಯಲ್ಲಿ ಹಾಕಿರಲಿಲ್ಲ. ಖಾಸಗಿ ಅಂದುಕೊಂಡಿದ್ದೆ. ಏನು ಅಂತ ಅರ್ಥವಾಗಿರಲಿಲ್ಲ. ನೀವು ತೋರಿಸಿದ ಮೇಲೆ ಅರ್ಥವಾಯಿತು."

ಒಳಗೆ ಮೂರು ಹಾಳೆ, ಅವರ ತಂದೆಯ ಕೈಬರಹ. ನಾಲ್ಕನೆಯವನ ತಾಯಿಗೆ ಬರೆಯಲು ಹೊರಟ ಕಾಗದ, ಮೂರು ಸಲ ಶುರುವಾಗಿ ಮೂರು ಸಲವೂ ನಿಂತದ್ದು. ಮೊದಲೆರಡರಲ್ಲಿ ಹುಡುಗ ಒಳ್ಳೆಯವನು, ಎಲ್ಲರಿಗೂ ಬೇಕಾದವನು ಎಂಬ ಮಾತು. ಮೂರನೆಯದರಲ್ಲಿ ಒಂದು ಸಾಲು ಬೇರೆ ಇತ್ತು. ಮೋಡದ ಕೆಳಗೆ ಏನಿದೆ ನೋಡಿ ಬಾ ಎಂದು ತಾನೇ ಅವನನ್ನು ಕಳಿಸಿದ್ದಾಗಿ ಬರೆದಿದ್ದ. ಅದರ ಮೇಲೆ ಒಂದು ಗೆರೆ ಎಳೆದಿದ್ದ. ಗೆರೆಯ ಕೆಳಗೆ ಅಕ್ಷರಗಳು ಚೆನ್ನಾಗಿಯೇ ಓದಲು ಬರುತ್ತಿದ್ದವು.

ನಾನು ತಲೆ ಎತ್ತಿದಾಗ ಅವರು ಕಿಟಕಿಯ ಹೊರಗೆ ಉಪ್ಪುನೀರಿನ ಕೊಳಗಳ ಕಡೆ ನೋಡುತ್ತಿದ್ದರು.

"ಇದನ್ನು ಒಲೆಗೆ ಹಾಕಬಹುದಿತ್ತು" ಎಂದರು. "ಎರಡು ವಾರ ಅದನ್ನೇ ಯೋಚನೆ ಮಾಡಿದೆ. ನೀವು ಏನು ಬರೆಯುತ್ತೀರೋ ಬರೆಯಿರಿ. ನಾನು ಇನ್ನು ಮಂಗಳವಾರ ಬರುವುದಿಲ್ಲ."

ಕಾಗದವನ್ನು ಸ್ಕ್ಯಾನ್ ಮಾಡಿ ಪ್ರತಿ ತೆಗೆದೆ. ನಿರ್ದೇಶಕರು ಅದನ್ನು ಎರಡು ಸಲ ಓದಿ, "ಅವರೇ ಕೊಟ್ಟರೇ?" ಎಂದಷ್ಟೇ ಕೇಳಿದರು. ಆಮೇಲೆ ಅವರು ಅಡ್ಡ ಬರಲಿಲ್ಲ.

ಸ್ಯಾನ್ ಮಟಿಯೋಗೆ ಒಬ್ಬಳೇ ಹೋಗಲು ಧೈರ್ಯ ಸಾಲದೆ ಕಾಕಾರನ್ನು ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದರು. ಆ ಅಜ್ಜಿ ಎರಡನೆಯ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ಮೂಳೆ ಚಕ್ಕಳದ ಮೈ, ಆದರೆ ಕಣ್ಣು ಚುರುಕು. ನಾವು ತಂದ ಹಾಳೆಗಳನ್ನು ಭೂತಗನ್ನಡಿ ಹಿಡಿದು ತಾವೇ ಓದುತ್ತೇನೆಂದರು. ಅರ್ಧ ಗಂಟೆ ಓದಿದರು. ಗೆರೆ ಎಳೆದ ಸಾಲಿಗೆ ಬಂದಾಗ ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದರು.

"ಈ ಕಾಗದ ಬರೆದವನು ನಮ್ಮ ಮನೆಗೆ ಬಂದಿದ್ದ" ಎಂದರು. "ಯುದ್ಧ ಮುಗಿದ ಮೇಲೆ. ಅಮ್ಮ ಊಟಕ್ಕೆ ಹಾಕಿದಳು. ನನ್ನ ಮಗ ನಿಜವಾಗಿಯೂ ನಿನ್ನ ಮಾತು ಮೀರಿದನೇ ಅಂತ ಕೇಳಿದಳು. ಅವನು ತಟ್ಟೆ ನೋಡುತ್ತ ಕೂತಿದ್ದ. ಏನೂ ಹೇಳಲಿಲ್ಲ. ಹೇಳಲಿಲ್ಲ ಅಂದರೆ ಹೌದು ಅಂತಲೇ ಅಲ್ಲವೇ? ಅಮ್ಮ ಹಾಗೇ ತಿಳಿದುಕೊಂಡಳು. ಆಮೇಲೆ ಅಣ್ಣನ ಮಾತು ಬಂದಾಗಲೆಲ್ಲ ಅವಳಿಗೆ ಒಂದು ನಾಚಿಕೆ."

ಕಾಕಾ ತಲೆ ತಗ್ಗಿಸಿದರು.

"ಈ ಕಾಗದ ನಿಮಗೆ ಎಲ್ಲಿ ಸಿಕ್ಕಿತು?"

ನಾಯಕನ ಮಗಳು ಕೊಟ್ಟರು ಎಂದೆ. ಹೇಗೆ, ಯಾವಾಗ ಎಂದು ಕೇಳುತ್ತಾ ಹೋದರು. ಎಲ್ಲವನ್ನೂ ಹೇಳಿದೆ. ಅಜ್ಜಿ ಭೂತಗನ್ನಡಿಯನ್ನು ಮಡಿಲಿನಲ್ಲಿಟ್ಟುಕೊಂಡರು.

"ಅಂದರೆ ಅವಳಿಗೆ ಮೊದಲು ಹೇಳಿದಿರಿ."

"ಹೌದು."

"ಮೂರು ವಾರ ಮೊದಲು."

"ಹೌದು."

"ನನಗೆ ತೊಂಬತ್ತು. ಆ ಮೂರು ವಾರದಲ್ಲಿ ನಾನು ಸತ್ತಿದ್ದರೆ?" ಗಟ್ಟಿಯಾಗಿ ಹೇಳಲಿಲ್ಲ. "ಫೋನ್ ಮಾಡಿ ಕೇಳಿದ್ದು ನಾನು. ಆವಾಗಲೂ ಅವರ ಮನೆಯವರ ಮಾತು ಮೊದಲು, ಈಗಲೂ ಅವರೇ ಮೊದಲು."

ನಾನು ಕ್ಷಮೆ ಕೇಳಿದೆ. ಅವರು ಅದನ್ನು ತೆಗೆದುಕೊಳ್ಳಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಮೊದಲು ಇವರಿಗೆ ಹೇಳಿದ್ದರೆ ಆ ಲಕೋಟೆ ಬರುತ್ತಿರಲಿಲ್ಲವೇನೋ ಎಂಬ ಸಮಾಧಾನ ನನ್ನ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಹೇಳಿಕೊಳ್ಳುವ ಜಾಗ ಅದಾಗಿರಲಿಲ್ಲ.

"ಆ ವರದಿಯ ಸಾಲನ್ನು ಏನು ಮಾಡುತ್ತೀರಿ?" ಎಂದು ಕೇಳಿದರು.

"ವರದಿಯನ್ನು ತಿದ್ದುವ ಹಾಗಿಲ್ಲ. ಅದು ಇದ್ದ ಹಾಗೆ ಇರಬೇಕು. ಹಡಗಿನ ಪುಟವನ್ನೂ ಈ ಕಾಗದವನ್ನೂ ಕೆಳಗೆ ಟಿಪ್ಪಣಿಯಾಗಿ ಹಾಕುತ್ತೇನೆ."

"ಕೆಳಗೆ ಬೇಡ" ಎಂದರು ಅಜ್ಜಿ. "ಕೆಳಗಿನದನ್ನು ಯಾರೂ ಓದುವುದಿಲ್ಲ. ಪಕ್ಕದಲ್ಲಿ ಹಾಕಿ. ಅಷ್ಟೇ ದೊಡ್ಡ ಅಕ್ಷರದಲ್ಲಿ."

ಹಾಕುತ್ತೇನೆ ಎಂದೆ. ಬಾಗಿಲವರೆಗೆ ಬಂದಾಗ ಅವರು ಗೋಡೆ ಹಿಡಿದುಕೊಂಡು ನಿಂತು, "ಅವನಿಗೆ ಎಷ್ಟು ಮಕ್ಕಳು?" ಎಂದು ಕೇಳಿದರು.

"ಒಬ್ಬಳೇ ಮಗಳು. ಈ ಕಾಗದ ಕೊಟ್ಟವರೇ."

"ಹಾಗಾದರೆ ಮಗಳ ಭಾಗ್ಯವೂ ಅವನಿಗೆ ಸಿಕ್ಕಿತು, ನನ್ನ ಅಣ್ಣನಿಗೆ ಅದೂ ಇಲ್ಲ" ಎಂದರು. ಬಾಗಿಲು ಮುಚ್ಚಿಕೊಂಡಿತು.

ಕಾರಿನಲ್ಲಿ ಕಾಕಾರನ್ನು ಬೆರ್ರಿಯೆಸಾದ ಮನೆಯವರೆಗೆ ಬಿಟ್ಟೆ. ಅವರು ಇಳಿದು ಕಿಟಕಿಯ ಹತ್ತಿರ ಬಗ್ಗಿ, "ಬೈಸಿಕೊಂಡಿ, ಆದ್ರ ಹೋಗಿ ಹೇಳಿದಿ. ನಾ ಹೋಗೂದ ಹೋಗಲಿಲ್ಲ" ಎಂದರು. ಅವರು ಹೇಳಿದ್ದು ಯಾವ ಮನೆಯ ಬಗ್ಗೆ, ಯಾವ ಪೈಲಟ್ಟಿನ ಬಗ್ಗೆ ಎಂದು ನಾನು ಕೇಳಲಿಲ್ಲ, ಅವರೂ ಮುಂದೆ ಹೇಳಲಿಲ್ಲ.

ಪಕ್ಕದಲ್ಲಿ ಹಾಕುವುದೆಂದರೆ ಆ ಪುಟದ ಅಳತೆ ಬದಲಾಗುತ್ತದೆ, ಅದರಿಂದ ಮುಂದಿನ ಪುಟಗಳೆಲ್ಲ ಸರಿಯುತ್ತವೆ. ಹತ್ತು ದಿನ ಕೂತು ಇಡೀ ಪುಸ್ತಕವನ್ನು ಮತ್ತೆ ಜೋಡಿಸಿದೆ. ಎಡಕ್ಕೆ ವರದಿ, ಬಲಕ್ಕೆ ಹಡಗಿನ ಪುಟ, ಅದರ ಕೆಳಗೆ ಗೆರೆ ಎಳೆದ ಸಾಲು, ಗೆರೆಯ ಸಮೇತ. ನಡುವೆ ನನ್ನದೊಂದು ಸಾಲು: ಈ ಎರಡು ಗಡಿಯಾರಗಳ ನಡುವೆ ಒಂದು ಗಂಟೆಯ ವ್ಯತ್ಯಾಸವಿತ್ತು, ಎರಡೂ ಹೇಳುವುದು ಒಂದೇ ಕ್ಷಣವನ್ನು. ಯಾರು ಯಾರನ್ನು ಕೊಂದರು ಎಂದು ಬರೆಯಲಿಲ್ಲ. ಬರೆಯುವ ಅಗತ್ಯ ಉಳಿದಿರಲಿಲ್ಲ. ನಾಯಕನ ಫೋಟೋ ಬಾಗಿಲ ಎದುರಿನಿಂದ ಒಳಗಿನ ಗೋಡೆಗೆ ಹೋಯಿತು, ಉಳಿದ ಎಲ್ಲರ ಸಾಲಿಗೆ, ನಾಲ್ಕನೆಯವನ ಸಾಲಿಗೇ.

ಪ್ರದರ್ಶನ ತೆರೆದ ದಿನ ಹ್ಯಾಂಗರ್ ತುಂಬಾ ಜನ. ಸ್ಯಾನ್ ಮಟಿಯೋದವರು ಬರಲಿಲ್ಲ. ಬರುವುದಿಲ್ಲ ಎಂದು ಮೊದಲೇ ಹೇಳಿದ್ದರು. ಮಧ್ಯಾಹ್ನದ ಮೇಲೆ ಜನ ಕಡಿಮೆಯಾದಾಗ ನಾಯಕನ ಮಗಳು ಬಂದರು. ಆ ಪುಟದ ಮುಂದೆ ತುಂಬಾ ಹೊತ್ತು ನಿಂತರು. ಎಡಗಡೆಯದನ್ನು ಓದಿದರು, ಬಲಗಡೆಯದನ್ನು ಓದಿದರು. ಆಮೇಲೆ ನಾನಿದ್ದಲ್ಲಿಗೆ ಬಂದರು. ಕಣ್ಣು ಕೆಂಪಾಗಿತ್ತು.

"ಅವನ ತಂಗಿಯನ್ನು ನೋಡಲು ಹೋಗಿದ್ದಿರಂತೆ."

"ಹೌದು."

"ನನ್ನ ಬಗ್ಗೆ ಏನಾದರೂ ಹೇಳಿದರೇ?"

ಇಷ್ಟು ದಿನ ನಾನು ಒಂದು ವಾಕ್ಯಕ್ಕಾಗಿ ಎಲ್ಲರ ಜೊತೆ ಹೋರಾಡಿದ್ದೆ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಬಿಡಬಾರದು ಎಂದು. ಈಗ ನನ್ನ ಬಾಯಲ್ಲಿ ಇನ್ನೊಂದು ವಾಕ್ಯವಿತ್ತು, ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದ್ದು. ನನ್ನೆದುರು ನಿಂತಿದ್ದವರು ಆ ಲಕೋಟೆಯನ್ನು ಒಲೆಗೆ ಹಾಕದೆ ತಂದುಕೊಟ್ಟವರು.

"ಇಲ್ಲ" ಎಂದೆ. "ಏನೂ ಹೇಳಲಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ನಾನು ಮೇಜಿನ ಮೇಲಿದ್ದ ಪುಸ್ತಕಗಳ ಕಡೆ ಕಣ್ಣು ತಿರುಗಿಸಿದೆ.